ಲೈಪ್‌ಜಿಗ್‌: ಪುಟ ತಿರುವುವ ಕೈ ಎಲ್ಲಿ ಹೋಯಿತು?

ಜರ್ಮನಿಯ ಲೈಪ್‌ಜಿಗ್‌ಗೆ ಹೋದವರು ಬಾಖ್‌ ಸೇವೆ ಸಲ್ಲಿಸಿದ ಸೇಂಟ್‌ ಥಾಮಸ್‌ ಚರ್ಚನ್ನು ನೋಡದೆ ಬರುವುದಿಲ್ಲ. ಆದರೆ ಹಳೆಯ ಪೇಟೆಯಿಂದ ಪೂರ್ವಕ್ಕೆ, ಕಾಲ್ನಡಿಗೆಯ ದೂರದಲ್ಲಿರುವ ಮುದ್ರಣಕಾರರ ಬಡಾವಣೆಯತ್ತ ಹೊರಳುವವರು ಕಡಿಮೆ. ಪಿಯಾನೊದ ಮೇಲೆ ತೆರೆದಿಡುವ ಸ್ವರಲಿಪಿಯ ಪುಸ್ತಕಗಳಿಗೆ ಒಂದು ಬಗೆಯಲ್ಲಿ ಈ ಊರೇ ತವರು. 1719ರಲ್ಲಿ ಬ್ರೈಟ್‌ಕಾಫ್‌, 1800ರಲ್ಲಿ ಪೀಟರ್ಸ್‌ ಪ್ರಕಾಶನದ ಮೂಲ ಸಂಸ್ಥೆ ಹುಟ್ಟಿದ್ದು ಇಲ್ಲಿಯೇ.

ಇನ್ಸೆಲ್‌ಸ್ಟ್ರಾಸೆ ಬೀದಿಯ 18ನೇ ಮನೆಯಲ್ಲಿ ರಾಬರ್ಟ್‌ ಮತ್ತು ಕ್ಲಾರಾ ಶೂಮನ್‌ ಮದುವೆಯಾದ ಹೊಸದರಲ್ಲಿ, 1840ರಿಂದ 1844ರವರೆಗೆ, ಸಂಸಾರ ಹೂಡಿದ್ದರು. ಕ್ಲಾರಾ ಹಾಳೆ ಎದುರಿಗಿಡದೆ, ನೆನಪಿನಿಂದಲೇ ಪಿಯಾನೊ ನುಡಿಸಿದಾಗ ಅದನ್ನು ಜಂಬ ಎಂದವರೂ ಇದ್ದರು! ಎಲ್ಲರಿಗೂ ಆ ನೆನಪಿನ ಶಕ್ತಿ ಎಲ್ಲಿಂದ ಬರಬೇಕು? ಎರಡೂ ಕೈ ಮನೆಗಳ ಮೇಲಿರುವಾಗ ಪುಟ ತಿರುವಲು ಪಕ್ಕದಲ್ಲಿ ಇನ್ನೊಬ್ಬರು ಕೂರಲೇಬೇಕಾಗಿತ್ತು.

ಈ ಕಷ್ಟ ಸ್ವರಲಿಪಿ ಕೊರೆಯುವ ಕುಶಲಕರ್ಮಿಗೂ ಗೊತ್ತಿತ್ತು. ಮೆದು ಲೋಹದ ಫಲಕದ ಮೇಲೆ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಒಂದೊಂದೇ ಚಿಹ್ನೆಯನ್ನು ಉಕ್ಕಿನ ಅಚ್ಚಿನಿಂದ ಗುದ್ದಿ ಮೂಡಿಸುತ್ತಿದ್ದ ಆತ, ಬಲಪುಟದ ಕೊನೆಯಲ್ಲಿ ವಾದಕನ ಒಂದು ಕೈಗಾದರೂ ಬಿಡುವು ಸಿಗುವಂತೆ ಲೆಕ್ಕ ಹಾಕುತ್ತಿದ್ದ.

ಈಗ ಆ ಜಾಗಕ್ಕೆ ವಿದ್ಯುನ್ಮಾನ ಪರದೆ ಬಂದಿದೆ. 2010ರಲ್ಲಿ ಐಪ್ಯಾಡ್‌ ಬಂತು, 2015ರಲ್ಲಿ 12.9 ಅಂಗುಲದ ದೊಡ್ಡ ಪರದೆ ಬಂದ ಮೇಲೆ ಸ್ವರಲಿಪಿಯ ಇಡೀ ಪುಟ ಕಣ್ಣಿಗೆ ದಕ್ಕಿತು. ನೆಲದ ಮೇಲಿನ ಪುಟ್ಟ ಪೆಡಲನ್ನು ಕಾಲಿನಿಂದ ಒತ್ತಿದರೆ ಪುಟ ಸರಿಯುತ್ತದೆ. ಮೇಲರ್ಧ ಮುಂದಿನ ಪುಟ, ಕೆಳಗರ್ಧ ಈಗಿನ ಪುಟ ತೋರಿಸುವ ಉಪಾಯವೂ ಉಂಟು. ಆದರೆ ಪಿಯಾನೊದ ಸ್ವಂತ ಪೆಡಲುಗಳ ಮೇಲೂ ಕಾಲಿಡಬೇಕಲ್ಲ! ಅಭ್ಯಾಸವಿಲ್ಲದ ಎಡಗಾಲು ತಪ್ಪಿದರೆ ಎರಡು ಪುಟ ಒಟ್ಟಿಗೆ ಹಾರಿಹೋಗುವುದುಂಟು.

ತಾಲ್‌ಸ್ಟ್ರಾಸೆ ಬೀದಿಯ 10ನೇ ಕಟ್ಟಡದ ಮುಂದೆ ಮಾತ್ರ ಪ್ರವಾಸಿಯ ಹೆಜ್ಜೆ ತಡೆಯುತ್ತದೆ. ಇದು ಪೀಟರ್ಸ್‌ ಪ್ರಕಾಶನದ ಮನೆ. ಯಾರು ಬೇಕಾದರೂ ಬಂದು ಓದಬಹುದಾದ ಸಂಗೀತ ಗ್ರಂಥಾಲಯವನ್ನು 1894ರಲ್ಲಿ ಇಲ್ಲಿ ತೆರೆದಿದ್ದರು. ಮುಂದೆ ಒಡೆಯರಾದ ಹೆನ್ರಿ ಹಿನ್ರಿಕ್‌ಸನ್‌ ಯಹೂದಿ. ನಾಜಿಗಳು ಸಂಸ್ಥೆಯನ್ನು ಅವರಿಂದ ಕಸಿದುಕೊಂಡರು; 1942ರಲ್ಲಿ ಔಷ್‌ವಿಟ್ಸ್‌ನಲ್ಲಿ ಕೊಂದರು. ಮರುವರ್ಷ ಡಿಸೆಂಬರ್‌ 4ರ ಬಾಂಬು ದಾಳಿಯಲ್ಲಿ ಮುದ್ರಣದ ಬಡಾವಣೆಯ ಬಹುಭಾಗ ಸುಟ್ಟುಹೋಯಿತು.

ಆದರೂ ಸಂಗೀತ ಉಳಿಯಿತು. ಅದರ ಪ್ರತಿಗಳು ಅಷ್ಟು ಹೊತ್ತಿಗೆ ಲೋಕದ ಮನೆಮನೆ ಸೇರಿದ್ದವು. ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು 2006ರಿಂದ ಅಂತರ್ಜಾಲದಲ್ಲಿ ಒದಗಿಸುತ್ತಿರುವ ಐಎಂಎಸ್‌ಎಲ್‌ಪಿ ಭಂಡಾರದಲ್ಲಿ ಈ ಊರಿನ ಹಳೆಯ ಮುದ್ರಣಗಳೂ ಸಿಗುತ್ತವೆ. ತಾಲ್‌ಸ್ಟ್ರಾಸೆಯ ಆ ಓದುಕೋಣೆ ಈಗ ಪಿಯಾನೊದ ಮೇಲೆಯೇ ಬಂದು ಕುಳಿತಂತೆ.

ಪರದೆಯನ್ನು ಹಿಗ್ಗಿಸಿ ನೋಡಿದರೆ ಸುತ್ತಿಗೆ ಹಿಡಿದ ಆ ಕೈಯ ಗುರುತು ಇನ್ನೂ ಕಾಣುತ್ತದೆ: ಬಲಪುಟದ ಕೊನೆಯಲ್ಲಿ, ಯಾರದೋ ಕೈಗೆಂದು ಬಿಟ್ಟ ಒಂದಿಷ್ಟು ಬಿಡುವು.