ನೀರಿನ ಹದ

ಸೋರೆಕಾಯಿಯನ್ನು ಉದ್ದುದ್ದ ಎಳೆಗಳಾಗಿ ತುರಿದು ಬಿಸಿ ಬಾಣಲೆಗೆ ಹಾಕಿದರೆ ಅದು ಮೊದಲು ಮಾಡುವ ಕೆಲಸ ನೀರು ಬಿಡುವುದು. ಶಾವಿಗೆಯ ಜಾಗಕ್ಕೆ ತರಕಾರಿಯ ಎಳೆ, ಅನ್ನದ ಜಾಗಕ್ಕೆ ಹೂಕೋಸಿನ ತರಿ. ಈ ಬಗೆಯ ಅಡುಗೆಗೆ ನನ್ನನ್ನು ಎಳೆದದ್ದು ತೂಕದ ಚಿಂತೆ, ಹಿಡಿದು ನಿಲ್ಲಿಸಿದ್ದು ಮಾತ್ರ ಈ ನೀರು. ಸೋರೆಕಾಯಿಯ ತೂಕದಲ್ಲಿ ನೂರಕ್ಕೆ 95 ಪಾಲು ನೀರೇ. 100 ಗ್ರಾಂಗೆ ಹೆಚ್ಚೆಂದರೆ 15 ಕ್ಯಾಲೊರಿಯ ಆಸುಪಾಸು. ಅಷ್ಟೇ ತೂಕದ ಅನ್ನದಲ್ಲಿ 130, ಒಣ ಶಾವಿಗೆಯಲ್ಲಿ 350ರ ಹತ್ತಿರ. ತಟ್ಟೆಯನ್ನು ತುಂಬಿಸುವುದೂ ಈ ನೀರೇ, ಹದ ತಪ್ಪಿದರೆ ಊಟವನ್ನು ಸಪ್ಪೆ ಮಾಡುವುದೂ ಇದೇ. ಎಲ್ಲಿ ಅದನ್ನು ಓಡಿಸಬೇಕು, ಎಲ್ಲಿ ಹಿಡಿದಿಟ್ಟುಕೊಳ್ಳಬೇಕು ಅನ್ನುವುದರಲ್ಲೇ ಈ ಅಡುಗೆಯ ಕೈಚಳಕವೆಲ್ಲ ಇದೆ.

ಕೆಲಸ ಶುರುವಾಗುವುದು ಗಾಡಿಯ ಮುಂದೆ. ನಮ್ಮ ಬೀದಿಗೆ ಬರುವ ತರಕಾರಿಯವರು ಸೋರೆಕಾಯಿಯ ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ, "ನೋಡಿ ಅಕ್ಕಾ, ಉಗುರು ಹೆಂಗೆ ಇಳೀತದೆ!" ಅನ್ನುತ್ತಾರೆ. ಉಗುರು ಸಲೀಸಾಗಿ ಇಳಿದರೆ ಕಾಯಿ ಎಳೆಯದು, ಬೀಜ ಇನ್ನೂ ಬಲಿತಿಲ್ಲ. ಹುಳಿಗೆ ಸ್ವಲ್ಪ ಬಲಿತದ್ದಾದರೂ ನಡೆದೀತು, ಎಳೆ ತೆಗೆಯುವುದಕ್ಕೆ ಎಳಸೇ ಬೇಕು. ಸಿಪ್ಪೆ ಹೆರೆದು, ಕಾಯಿಯನ್ನು ಅಡ್ಡ ಮಲಗಿಸಿ, ತುರಿಯುವ ಮಣೆಯ ದೊಡ್ಡ ತೂತಿನ ಮೇಲೆ ಒಂದೇ ದಿಕ್ಕಿಗೆ, ಕಾಯಿಯ ಉದ್ದಕ್ಕೂ ಎಳೆಯುತ್ತೇನೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಎಳೆ ತುಂಡಾಗಿ ಬರೀ ತುರಿಯಾಗುತ್ತದೆ. ನಡುವಿನ ಮೆತ್ತನೆ ತಿರುಳು ಕಾಣಿಸುತ್ತಲೇ ಕಾಯಿ ತಿರುಗಿಸಿ ಇನ್ನೊಂದು ಮಗ್ಗುಲು. ಆ ತಿರುಳನ್ನು ಎಸೆಯುವುದಿಲ್ಲ, ಅದು ರಾತ್ರಿಯ ಸಾರಿಗೆ. ಹಲ್ಲುಹಲ್ಲಿನ ಪೀಲರ್ ಬಂದ ಮೇಲೆ ಕೆಲಸ ಇನ್ನೂ ಹಗುರಾಗಿದೆ. ತಿರುಗಿಸುವ ಯಂತ್ರದಲ್ಲಿ ಬರುವ ಸುರುಳಿ ನೋಡಲು ಚೆಂದ, ಆದರೆ ನಮ್ಮ ಒಗ್ಗರಣೆ ಅದಕ್ಕೆ ಸಮನಾಗಿ ಹತ್ತುವುದಿಲ್ಲ. ನನಗೆ ನೇರ ಎಳೆಯೇ ಇಷ್ಟ.

ಅರ್ಧ ಕೆಜಿ ಎಳೆಗೆ ಒಂದು ಚಮಚ ಉಪ್ಪು ಸವರಿ ಕಾಲು ಗಂಟೆ ಬಿಟ್ಟರೆ ಪಾತ್ರೆಯ ತಳದಲ್ಲಿ ನೀರು ನಿಂತಿರುತ್ತದೆ. ಉಪ್ಪು ಜೀವಕೋಶದ ಒಳಗಿನ ನೀರನ್ನು ಹೊರಗೆ ಸೆಳೆದಿರುತ್ತದೆ. ಎರಡೂ ಅಂಗೈಯಲ್ಲಿ ಹಿಂಡಿದಾಗ ಎಳೆ ಮುರಿಯದೆ ಬಾಗಬೇಕು, ಆಗ ಹದ ಬಂತು. ಹಿಂಡಿದ ಉಪ್ಪುನೀರು ಚಪಾತಿ ಹಿಟ್ಟು ಕಲಸುವುದಕ್ಕೆ. ಇನ್ನು ಬಾಣಲೆ: ಅಗಲವಾಗಿರಬೇಕು, ಕಾದಿರಬೇಕು, ಮುಚ್ಚಳ ಕೂಡದು. ನೀರಿರುವ ತನಕ ತರಕಾರಿಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕೆಂಪಗೆ ಹುರಿದ ಆ ಪರಿಮಳ ಹುಟ್ಟುವುದು 140 ಡಿಗ್ರಿಯ ಸುಮಾರಿಗೆ. ಅದಕ್ಕೇ ಬಾಣಲೆಯ ತುಂಬ ಸುರಿಯದೆ ಎರಡು ಸಲಕ್ಕೆ ಹುರಿಯುತ್ತೇನೆ. ಎರಡು ಮೂರು ನಿಮಿಷ, ಅಷ್ಟೇ. ಆಮೇಲೆ ಸಾಸಿವೆ, ಕಡಲೆಬೇಳೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ, ನಿಂಬೆರಸ. ಕೊನೆಗೆ ಒಂದೆರಡು ಚಮಚ ಹುರಿಗಡಲೆ ಪುಡಿ. ಉಳಿದ ಪಸೆಯನ್ನೆಲ್ಲ ಆ ಪುಡಿ ಹೀರಿಕೊಂಡು ಎಳೆಗೆ ಅಂಟಿ ನಿಲ್ಲುತ್ತದೆ. ಉಪ್ಪು ಮತ್ತೆ ಬೇಡ. ನಿಂಬೆಹಣ್ಣಿನ ಶಾವಿಗೆಯ ಚಿತ್ರಾನ್ನ ಮಾಡುವ ಮನೆಗಳಲ್ಲಿ ಈ ಎಲ್ಲ ಸಾಮಾನೂ ಆಗಲೇ ಇರುತ್ತದೆ.

ಎಲ್ಲ ತರಕಾರಿಯೂ ಎಲ್ಲ ಕೆಲಸಕ್ಕೆ ಬರುವುದಿಲ್ಲ. ಬೂದುಗುಂಬಳದ ಎಳೆ ಬೆಂದಾಗ ಗಾಜಿನ ಹಾಗೆ ಪಾರದರ್ಶಕ. ಹುರಿಯಲು ಹೋದರೆ ಕರಗಿಹೋಗುತ್ತದೆ, ತಿಳಿಸಾರಿನಲ್ಲಿ ಬಿಟ್ಟರೆ ಸೊಗಸು. ನವಿಲುಕೋಸು ಗಟ್ಟಿ, ಬೇಯಿಸಿದರೂ ಹಲ್ಲಿಗೆ ಸಿಗುತ್ತದೆ, ಕಾಳುಮೆಣಸಿನ ಖಾರವನ್ನು ತಡೆದುಕೊಳ್ಳುತ್ತದೆ. ಸೀಮೆಬದನೆ ಮೆಕ್ಸಿಕೊ ಕಡೆಯಿಂದ ಬಂದು ನಮ್ಮ ಮನೆಯದೇ ಆಗಿಬಿಟ್ಟಿರುವ ಕಾಯಿ. ನನ್ನ ಮಟ್ಟಿಗೆ ಎಳೆ ತೆಗೆಯಲು ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ: ನೀರು ಕಡಿಮೆ ಬಿಡುತ್ತದೆ, ಸಣ್ಣಗೆ ಸಿಹಿ, ಬೆಲೆಯೂ ಕೈಗೆಟಕುತ್ತದೆ. ಎಲೆಕೋಸನ್ನು ಉದ್ದಕ್ಕೆ, ಕೂದಲೆಳೆಯಷ್ಟು ತೆಳ್ಳಗೆ ಹೆಚ್ಚಿ ದೊಡ್ಡ ಉರಿಯಲ್ಲಿ ತಿರುವಿದರೆ ರಸ್ತೆ ಬದಿಯ ನೂಡಲ್ಸ್ ಅಂಗಡಿಯ ಘಮ ಮನೆಯಲ್ಲೇ ಏಳುತ್ತದೆ. ಬೆಳ್ಳುಳ್ಳಿ, ಸೋಯಾ ಸಾಸು, ವಿನೆಗರ್, ಈರುಳ್ಳಿ ಸೊಪ್ಪು ಸಾಕು.

ಬಾಳೆದಿಂಡಿನ ವಿಷಯ ಬೇರೆ. ಅದನ್ನು ಮೊದಲು ಬಿಲ್ಲೆಬಿಲ್ಲೆಯಾಗಿ ಕತ್ತರಿಸಬೇಕು. ಪ್ರತಿ ಬಿಲ್ಲೆಯಿಂದಲೂ ಜೇಡರ ಬಲೆಯಷ್ಟು ಸಣ್ಣ ನಾರು ಎದ್ದು ಬರುತ್ತದೆ, ಅದನ್ನು ತೋರುಬೆರಳಿಗೆ ಸುತ್ತಿ ಸುತ್ತಿ ತೆಗೆಯಬೇಕು. ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಕಡ್ಡಿಕಡ್ಡಿಯಾಗಿ ಹೆಚ್ಚಿ ಕೂಡಲೇ ನೀರುಮಜ್ಜಿಗೆಗೆ ಹಾಕಬೇಕು. ಗಾಳಿ ತಾಗಿದರೆ ಕಪ್ಪಾಗುತ್ತದೆ, ಮಜ್ಜಿಗೆಯ ಹುಳಿ ಅದನ್ನು ತಡೆಯುತ್ತದೆ. ಇದೆಲ್ಲ ನಿಧಾನದ ಕೆಲಸ, ನನಗೆ ಪ್ರೀತಿಯ ಕೆಲಸವೂ ಹೌದು. ನೆನೆದ ಹೆಸರುಬೇಳೆ, ಕಾಯಿತುರಿ, ಇಂಗಿನ ಒಗ್ಗರಣೆ ಬಿದ್ದ ದಿಂಡನ್ನು ಅಗಿಯುವುದಕ್ಕೇ ಹೊತ್ತು ಬೇಕು. ಊಟ ತಾನಾಗಿ ನಿಧಾನವಾಗುತ್ತದೆ.

ಹೂಕೋಸಿನ ಅನ್ನಕ್ಕೆ ಬಂದರೆ, ನಾನು ಮಿಕ್ಸಿ ಮುಟ್ಟುವುದಿಲ್ಲ. ಬ್ಲೇಡು ಅದನ್ನು ಜಜ್ಜಿ ನೀರು ಹೊರಡಿಸುತ್ತದೆ. ತುರಿಯುವ ಮಣೆಯಲ್ಲಿ ತುರಿದ ತರಿ ಒಣಗಿ ಉದುರಾಗಿರುತ್ತದೆ. ಎಣ್ಣೆ ಹಾಕದೆ ಬರೀ ಬಾಣಲೆಯಲ್ಲಿ ಐದು ನಿಮಿಷ ಆಡಿಸಿದರೆ ಹಸಿ ವಾಸನೆ ಹೋಗುತ್ತದೆ. ವಾಂಗೀಬಾತ್ ಪುಡಿ, ಹುಣಸೆರಸಕ್ಕೆ ಇದು ಚೆನ್ನಾಗಿ ಒದಗುತ್ತದೆ. ಮೊಸರನ್ನಕ್ಕೆ ಮಾತ್ರ ಬೇಡ. ಮೊಸರು ಕೇಳುವುದು ಪಿಷ್ಟವನ್ನು, ಹೂಕೋಸಿನಲ್ಲಿ ಅದಿಲ್ಲ.

ಹೊಟ್ಟೆ ತುಂಬುವುದು ಯಾವುದರಿಂದ ಅನ್ನುವ ಪ್ರಶ್ನೆಯನ್ನು ವಿಜ್ಞಾನಿಗಳು ಚೆನ್ನಾಗಿ ಕೆದಕಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿದೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಹೆಂಗಸರಿಗೆ ಕೋಳಿ ಮತ್ತು ಅಕ್ಕಿಯ ಒಂದೇ ತಿನಿಸನ್ನು ಮೂರು ರೀತಿಯಲ್ಲಿ ಕೊಟ್ಟರು: ಹಾಗೆಯೇ, ಪಕ್ಕದಲ್ಲಿ ಒಂದು ಲೋಟ ನೀರಿನೊಂದಿಗೆ, ಮತ್ತು ಅಷ್ಟೇ ನೀರನ್ನು ಅದರೊಳಗೇ ಕೂಡಿಸಿ ಸೂಪ್ ಮಾಡಿ. ಪಕ್ಕದಲ್ಲಿ ಕುಡಿದ ನೀರಿನಿಂದ ಹಸಿವು ಕುಗ್ಗಲಿಲ್ಲ. ಸೂಪ್ ಕುಡಿದವರು ಮಾತ್ರ ಮುಂದಿನ ಊಟದಲ್ಲಿ ಸುಮಾರು 100 ಕ್ಯಾಲೊರಿ ಕಡಿಮೆ ತಿಂದರು. ಸಾರು, ಹುಳಿ, ಬಸ್ಸಾರು, ತಂಬುಳಿ ಕಂಡ ನಮ್ಮ ನಾಲಿಗೆಗೆ ಇದು ಹೊಸತೇನಲ್ಲ. ಆದರೂ ನೀರು ಲೋಟದಲ್ಲಿರುವುದಕ್ಕೂ ತಟ್ಟೆಯಲ್ಲಿರುವುದಕ್ಕೂ ಇಷ್ಟು ಅಂತರ ಇದೆ ಅನ್ನುವುದನ್ನು ಅಳೆದು ತೋರಿಸಿದ್ದು ಸಣ್ಣ ಮಾತಲ್ಲ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ತಿನಿಸುಗಳನ್ನು ಸಮ ಕ್ಯಾಲೊರಿಯಲ್ಲಿ ತಿನ್ನಿಸಿ ತೃಪ್ತಿಯನ್ನು ಅಳೆದಿದ್ದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತಿಟ್ಟುಕೊಂಡರೆ, ಎಲ್ಲಕ್ಕಿಂತ ಮೇಲೆ ನಿಂತದ್ದು ಬೇಯಿಸಿದ ಆಲೂಗಡ್ಡೆ, 323 ಅಂಕ. ಆಲೂಗಡ್ಡೆಯನ್ನು ಡಯಟ್ಟಿನ ಶತ್ರು ಅನ್ನುವವರ ಮಾತು ಆಮೇಲೆ ನನ್ನ ಕಿವಿಗೆ ಹೋಗಿಲ್ಲ.

ನೀರನ್ನು ಹಿಡಿದಿಡುವ ವಿದ್ಯೆಯಲ್ಲಿ ಎಲ್ಲರಿಗಿಂತ ಮುಂದೆ ಹೋದವರು ಜಪಾನಿನವರು. ಅಲ್ಲಿನ ಶಿರಾತಾಕಿ ನೂಡಲ್ಸ್ ಈಗ ನಮ್ಮ ನಗರದ ದೊಡ್ಡ ಅಂಗಡಿಗಳಲ್ಲೂ ಪೊಟ್ಟಣದಲ್ಲಿ ಸಿಗುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 97 ಪಾಲು ನೀರು, ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಗ್ಲೂಕೊಮ್ಯಾನನ್ ಎಂಬ ನಾರು. ಈ ನಾರು ಬರುವುದು ಕೊಂಜಾಕ್ ಎಂಬ ಗೆಡ್ಡೆಯಿಂದ. ಇದು ನಮ್ಮ ಸುವರ್ಣಗೆಡ್ಡೆಯ ದಾಯಾದಿ, ಎರಡೂ ಅಮಾರ್ಫೊಫ್ಯಾಲಸ್ ಕುಲದವು. ಅದೇ ಕೊಡೆ ಬಿಡಿಸಿದಂಥ ಎಲೆ, ಅದೇ ಮಚ್ಚೆಯ ದಂಟು, ಹಸಿಯಾಗಿ ಮುಟ್ಟಿದರೆ ಅದೇ ತುರಿಕೆ. ನಮ್ಮದರಲ್ಲಿ ಪಿಷ್ಟ ತುಂಬಿದೆ, ಅವರದರಲ್ಲಿ ನಾರು. ಜಪಾನಿನಲ್ಲಿ ಇದರ ಬಹುಪಾಲು ಬೆಳೆ ಗುನ್ಮಾ ಪ್ರಾಂತದ್ದು. ವಸಂತದಲ್ಲಿ ನೆಟ್ಟು, ಚಳಿ ಬರುವ ಮೊದಲು ಅಗೆದು ಒಳಗಿಟ್ಟು, ಮತ್ತೆ ವಸಂತದಲ್ಲಿ ನೆಟ್ಟು, ಹೀಗೆ ಮೂರು ವರ್ಷ ಸಾಕಿದ ಮೇಲೆ ಗೆಡ್ಡೆ ಕೈಗೆ ಬರುತ್ತದೆ. ಹೋಳು ಮಾಡಿ ಒಣಗಿಸಿ ಹಿಟ್ಟು ಮಾಡುತ್ತಾರೆ. ಹಿಟ್ಟನ್ನು ನೀರಿನಲ್ಲಿ ಉಬ್ಬಿಸಿ, ಸುಣ್ಣದ ನೀರು ಬೆರೆಸಿ, ಸಣ್ಣ ತೂತುಗಳ ಮೂಲಕ ಬಿಸಿನೀರಿಗೆ ಒತ್ತುತ್ತಾರೆ. ಒತ್ತು ಶಾವಿಗೆ ಮಾಡಿದ ಕೈಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಸುಣ್ಣ ಬಿದ್ದ ಮೇಲೆ ಆ ಎಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ.

ಪೊಟ್ಟಣ ಒಡೆದಾಗ ಬರುವ ಮೀನಿನಂಥ ವಾಸನೆಗೆ ಹೆದರಬಾರದು. ಅದು ಇರುವುದು ಮುಖ್ಯವಾಗಿ ಸುಣ್ಣ ಬೆರೆತ ಆ ನೀರಿನಲ್ಲಿ. ಧಾರಾಳವಾಗಿ ತೊಳೆದು, ಎರಡು ಮೂರು ನಿಮಿಷ ಕುದಿಸಿ, ಬಸಿದು, ಒಣ ಬಾಣಲೆಯಲ್ಲಿ ಕಿರುಗುಟ್ಟುವ ತನಕ ಹುರಿಯಬೇಕು. ಆ ಸದ್ದು ಬಂತೆಂದರೆ ಹೊರಗಿನ ಪಸೆ ಹೋಗಿದೆ, ಇನ್ನು ಮಸಾಲೆ ಹತ್ತುತ್ತದೆ ಎಂದರ್ಥ. ಅದಕ್ಕೆ ಸ್ವಂತ ರುಚಿ ಇಲ್ಲ. ಆದ್ದರಿಂದ ರುಚಿ ಗಟ್ಟಿಯಾಗಿರುವ ಕಡೆ ಹಾಕಬೇಕು: ಮೆಣಸಿನ ಸಾರು, ಮಜ್ಜಿಗೆಹುಳಿ, ಟೊಮೆಟೊ ಗೊಜ್ಜು. ಚೆನ್ನಾಗಿ ಅಗಿದೇ ನುಂಗಬೇಕು, ಚಿಕ್ಕ ಮಕ್ಕಳ ತಟ್ಟೆಗಂತೂ ಕತ್ತರಿಸದೆ ಹಾಕಬಾರದು.

ಇದೆಲ್ಲ ಹೊರಗಿನಿಂದ ಬಂದ ಹೊಸ ಗೀಳು ಅನ್ನುವವರಿಗೆ ಕರಾವಳಿ, ಮಲೆನಾಡಿನ ದೋಸೆಕಲ್ಲನ್ನು ತೋರಿಸುತ್ತೇನೆ. ಸೌತೆಕಾಯಿ ದೋಸೆ, ಸೋರೆಕಾಯಿ ದೋಸೆ, ಕಲ್ಲಂಗಡಿ ಸಿಪ್ಪೆಯ ಒಳಗಿನ ಬಿಳಿ ತಿರುಳಿನ ದೋಸೆ: ನೆನೆಸಿದ ಅಕ್ಕಿಯ ಜೊತೆ ಕಾಯಿಯನ್ನೂ ಅರೆದು, ಬೇರೆ ನೀರು ಬಹಳ ಹಾಕದೆ ಹಿಟ್ಟು ಮಾಡುತ್ತಾರೆ. ಉದ್ದು ಬೇಕಿಲ್ಲ, ಹುಳಿ ಬರಿಸಬೇಕಿಲ್ಲ. ಅಷ್ಟೇ ಅಕ್ಕಿಗೆ ಹೆಚ್ಚು ದೋಸೆ, ತಿನ್ನುವಾಗ ಕಾಯಿಯ ತಂಪು. ಉತ್ತರ ಕರ್ನಾಟಕದ ಊಟದಲ್ಲಿ ಜೋಳದ ರೊಟ್ಟಿಯ ಸುತ್ತ ಹಸಿ ಸೌತೆ, ಮೂಲಂಗಿ, ಮೆಂತ್ಯ ಸೊಪ್ಪು, ಈರುಳ್ಳಿ ಕೂರುತ್ತವಲ್ಲ, ಅಲ್ಲಿಯೂ ತಟ್ಟೆಯ ಅರ್ಧವನ್ನು ತುಂಬುವುದು ನೀರು ತುಂಬಿದ ಕಾಯಿ, ಸೊಪ್ಪೇ.

ಎರಡು ಕಡೆ ಕಣ್ಣಿಡಬೇಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ, ಅಂದರೆ ಮುಕ್ಕಾಲು ಕೆಜಿಗೂ ಮಿಕ್ಕ ಸೋರೆಕಾಯಿಯಷ್ಟು. ಹಸಿ ತೆಂಗಿನಕಾಯಿ 100 ಗ್ರಾಂಗೆ 350. ಆದ್ದರಿಂದ ಒಗ್ಗರಣೆಯನ್ನು ಅಳೆದು ಹಾಕುತ್ತೇನೆ, ಕಾಯಿಯನ್ನು ಅರೆಯದೆ ಮೇಲೆ ಉದುರಿಸುತ್ತೇನೆ. ಸ್ವಲ್ಪವಿದ್ದರೂ ನಾಲಿಗೆಗೆ ಮೊದಲು ಅದೇ ಸಿಗುತ್ತದೆ. ಇನ್ನೊಂದು, ಬರೀ ತರಕಾರಿ ತಿಂದವರಿಗೆ ಎರಡು ಗಂಟೆಯೊಳಗೆ ಮತ್ತೆ ಹಸಿವು. ಮೊಳಕೆ ಹೆಸರುಕಾಳು, ಬೇಯಿಸಿದ ಮೊಟ್ಟೆ, ಪನೀರ್, ಗಟ್ಟಿ ಮೊಸರು, ಇವುಗಳಲ್ಲಿ ಒಂದಾದರೂ ತಟ್ಟೆಯಲ್ಲಿ ಇರಲೇಬೇಕು. ಸೀಮೆಬದನೆಯ ಎಳೆಯ ಮೇಲೆ ಮೊಳಕೆಕಾಳಿನ ಉಸಲಿ ಸುರಿದುಕೊಂಡು ತಿಂದ ಮಧ್ಯಾಹ್ನ ಸಂಜೆಯ ಕಾಫಿಯ ತನಕ ಬೇರೇನೂ ನೆನಪಾಗುವುದಿಲ್ಲ.

ಒಂದು ತಿಂಡಿಗೆ ಮಾತ್ರ ನಾನು ಬದಲಿ ಹುಡುಕುವುದಿಲ್ಲ. ಒತ್ತು ಶಾವಿಗೆ ಮತ್ತು ಕಾಯಿಹಾಲು. ಬೆಲ್ಲ, ಏಲಕ್ಕಿ ಬೆರೆತ ಆ ಹಾಲನ್ನು ಹೀರಿಕೊಳ್ಳುವುದಕ್ಕೆ ಅಕ್ಕಿಯ ಎಳೆಯೇ ಬೇಕು. ಕೊಂಜಾಕ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸೋರೆಕಾಯಿ ತನ್ನ ನೀರನ್ನು ಅದಕ್ಕೆ ಬಿಟ್ಟು ತೆಳ್ಳಗೆ ಮಾಡುತ್ತದೆ. ಮನೆಯಲ್ಲಿ ಶಾವಿಗೆ ಒರಳು ಅಟ್ಟದಿಂದ ಇಳಿದ ದಿನ ಬಿಸಿಬಿಸಿ ಕಡುಬನ್ನು ಅದರೊಳಗಿಟ್ಟು ಇಬ್ಬರು ಸೇರಿ ಒತ್ತುತ್ತೇವೆ, ಎರಡು ಉಂಡೆ ಶಾವಿಗೆಯನ್ನು ತೃಪ್ತಿಯಾಗಿ ತಿನ್ನುತ್ತೇನೆ. ಮಾರನೆಯ ದಿನಕ್ಕೆ ಸೀಮೆಬದನೆ ಆಗಲೇ ಬುಟ್ಟಿಯಲ್ಲಿರುತ್ತದೆ.