ನಿಲ್ಲಿಸಿದ ಕಡೆಯಿಂದ

ಮನೆಯಲ್ಲಿ ವಿಮಾನ ಕಟ್ಟುವವನನ್ನು ಎಲ್ಲರೂ ಕೇಳುವುದು ಒಂದೇ ಮಾತು: "ಯಾವಾಗ ಹಾರಿಸ್ತೀರಿ?" ಅರಸೀಕೆರೆಯಿಂದ ಫೋನು ಮಾಡುವ ಅಮ್ಮ ಮಾತ್ರ ಹಾಗೆ ಕೇಳುವುದಿಲ್ಲ. ಮನೆ ಕಟ್ಟಿಸುವವರನ್ನು ಗೋಡೆ ಎಲ್ಲಿಗೆ ಬಂತು ಅಂತ ವಿಚಾರಿಸುವ ಹಾಗೆ, "ನಿನ್ನ ವಿಮಾನ ಎಲ್ಲಿಗೆ ಬಂತೋ?" ಅನ್ನುತ್ತಾಳೆ. ನನಗೆ ಅಮ್ಮನ ಪ್ರಶ್ನೆಯೇ ಇಷ್ಟ. ಅದಕ್ಕೆ ನನ್ನ ಹತ್ತಿರ ಯಾವತ್ತೂ ಉತ್ತರವಿರುತ್ತದೆ.

ನಾನಿರುವುದು ಅಮೆರಿಕದ ಒಹಾಯೊ ರಾಜ್ಯದ ಡೇಟನ್‌ನಲ್ಲಿ. ಕಾರು ನಿಲ್ಲಬೇಕಾದ ಗ್ಯಾರೇಜಿನಲ್ಲಿ ಆರ್‌ವಿ-7 ಎಂಬ ಎರಡು ಸೀಟಿನ ವಿಮಾನದ ರೆಕ್ಕೆಗಳು ಮರದ ಚೌಕಟ್ಟಿಗೆ ಆತು ನಿಂತಿವೆ. ಬಾಲದ ಭಾಗಗಳು ಸೂರಿನಿಂದ ತೂಗುತ್ತಿವೆ. ಕಿಟ್ ಒರೆಗಾನ್‌ನದು, ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರು ಹುಟ್ಟುಹಾಕಿದ ಕಂಪನಿಯದು. ಅವರ ಆರ್‌ವಿ ಸರಣಿಯ 11,000ಕ್ಕೂ ಹೆಚ್ಚು ವಿಮಾನಗಳನ್ನು ನನ್ನಂಥ ಹವ್ಯಾಸಿಗಳು ಕಟ್ಟಿ ಹಾರಿಸಿದ್ದಾರೆ. ಇಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ಕೇಳುವುದಿಷ್ಟು: ವಿಮಾನದ ಬಹುಪಾಲು ಕೆಲಸವನ್ನು ಹವ್ಯಾಸಿಗಳೇ, ತಮ್ಮ ಕಲಿಕೆಗಾಗಿ ಇಲ್ಲವೇ ಸಂತೋಷಕ್ಕಾಗಿ ಮಾಡಿರಬೇಕು. 51 ಪರ್ಸೆಂಟ್ ರೂಲ್ ಅಂತ ನಾವು ಆಡುಮಾತಿನಲ್ಲಿ ಕರೆಯುವುದು ಇದನ್ನೇ. ಎಷ್ಟು ವರ್ಷದಲ್ಲಿ ಮುಗಿಸಬೇಕೆಂದು ಆ ಕಾನೂನು ಎಲ್ಲೂ ಹೇಳುವುದಿಲ್ಲ. ಬರೆದವರು ಪುಣ್ಯವಂತರು. ಕಲಿಯುವವನಿಗೆ ಗಡುವು ಹಾಕಬಾರದೆಂದು ಅವರಿಗೆ ಗೊತ್ತಿತ್ತು.

ಯಾಕೆಂದರೆ ಅಡ್ಡಿಗಳು ಬಂದೇ ಬರುತ್ತವೆ. ಬಾಲದ ಕಿಟ್ ಬಿಚ್ಚಿದ ಹೊಸತರಲ್ಲಿ ಮಗಳು ಹುಟ್ಟಿದಳು. ಆಮೇಲೆ ಕೆಲಸ ಬದಲಾಯಿತು, ಮನೆಯೂ ಬದಲಾಯಿತು. ರೆಕ್ಕೆಗಳ ಅಸ್ಥಿಪಂಜರ ನಿಂತ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಊರಿಗೆ ಹೋದವನು, ಅವಳು ಕೋಲು ಹಿಡಿದು ಅಂಗಳದವರೆಗೆ ನಡೆಯುವ ತನಕ ಅಲ್ಲೇ ಇದ್ದೆ. ಇದರ ಮೇಲೆ ಇಲ್ಲಿನ ಚಳಿ. ಹೀಟರಿಲ್ಲದ ಗ್ಯಾರೇಜಿನಲ್ಲಿ ಜನವರಿಯಲ್ಲಿ ಪ್ರೈಮರ್ ಒಣಗುವುದಿಲ್ಲ, ಅಂಟು ಗಟ್ಟಿಯಾಗುವುದಿಲ್ಲ, ಬೆರಳುಗಳಿಗೆ ಲೋಹದ ಅಂಚಿನ ಸೂಕ್ಷ್ಮ ತಿಳಿಯುವುದಿಲ್ಲ. ಇವನ್ನೆಲ್ಲ ಅಡ್ಡಿ ಎಂದು ಕರೆಯುವುದೂ ತಪ್ಪೇ. ವಿಮಾನವಿರುವುದು ಬಾಳಿನೊಳಗೆ, ಬಾಳು ಕರೆದಾಗ ರಿವೆಟ್ ಗನ್ ಕೆಳಗಿಟ್ಟು ಹೋಗಲೇಬೇಕು.

ಆದರೆ ಕೆಳಗಿಡುವುದಕ್ಕೂ ಒಂದು ರೀತಿಯಿದೆ. ಕಿಟ್ ಕೊಂಡ ಎಷ್ಟೋ ಜನ ಅದನ್ನು ಮುಗಿಸುವುದಿಲ್ಲ. ಅರ್ಧ ಕಟ್ಟಿದ ವಿಮಾನಗಳು ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇರುತ್ತವೆ. ಅಂಥವನ್ನು ಹೋಗಿ ನೋಡಿದ್ದೇನೆ. ಅಲ್ಲಿ ಕಂಡ ಕೆಲಸಗಾರಿಕೆ ಹಲವು ಸಲ ನನ್ನದಕ್ಕಿಂತ ಚೆನ್ನಾಗಿತ್ತು. ಕೆಲಸ ಎಲ್ಲಿ ನಿಂತಿತೆಂಬುದು ಮಾತ್ರ ಯಾರಿಗೂ, ಕಟ್ಟಿದವರಿಗೂ, ಗೊತ್ತಿರಲಿಲ್ಲ. ಸರಿಯಾದ ಕಡೆ ನಿಲ್ಲಿಸಲು ಬಲ್ಲವನೇ ವಿಮಾನ ಮುಗಿಸುತ್ತಾನೆ ಎಂಬುದು ನನ್ನ ಗಟ್ಟಿ ನಂಬಿಕೆ.

ಬೋಲ್ಟುಗಳನ್ನೇ ನೋಡಿ. ನಟ್ಟನ್ನು ಬೆರಳಲ್ಲಿ ತಿರುಗಿಸಿ, "ನಾಳೆ ಬಿಗಿ ಮಾಡೋಣ" ಎಂದು ಬಿಟ್ಟು ಹೋಗುವುದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ಆ ನಾಳೆ ಎಂಟು ತಿಂಗಳ ಆಚೆ ಬರಬಹುದು, ಆಗ ಕಣ್ಣಿಗೆ ಅದು ಬಿಗಿಯಾದ ನಟ್ಟಿನಂತೆಯೇ ಕಾಣುತ್ತದೆ. ಹಾಗಾಗಿ ಟಾರ್ಕ್ ರೆಂಚ್ ಹಿಡಿದು ಹೇಳಿದಷ್ಟೇ ಬಿಗಿ ಮಾಡಿದ ಮೇಲೆ, ನಟ್ಟಿನಿಂದ ಪಕ್ಕದ ಲೋಹದವರೆಗೆ ಕಿತ್ತಳೆ ಬಣ್ಣದ ಅರಗಿನ ಒಂದು ಗೆರೆ ಎಳೆಯುತ್ತೇವೆ. ಟಾರ್ಕ್ ಸೀಲ್ ಎನ್ನುತ್ತಾರೆ. ಗೆರೆಯಿದ್ದರೆ ಆ ಬೋಲ್ಟಿನ ಕೆಲಸ ಮುಗಿದಿದೆ; ಮುಂದೆಂದಾದರೂ ನಟ್ಟು ಸಡಿಲವಾದರೆ ಗೆರೆ ಮುರಿದು ಹೇಳುತ್ತದೆ. ಗೆರೆಯಿಲ್ಲದಿದ್ದರೆ ಮುಗಿದಿಲ್ಲ. ನೆನಪನ್ನು ನಂಬುವ ಹಾಗೇ ಇಲ್ಲ.

ತಗಡಿನ ಕೆಲಸದಲ್ಲಿ ಆ ಗೆರೆಯ ಜಾಗದಲ್ಲಿ ಕ್ಲೀಕೊಗಳಿವೆ. ಒಂದು ತೂತಿಗೆ ಸಿಕ್ಕಿಸಿದರೆ ಎರಡು ತಗಡುಗಳನ್ನು ಹಿಡಿದು ನಿಲ್ಲುವ ಪುಟ್ಟ ಸ್ಪ್ರಿಂಗ್ ಪಿನ್ನುಗಳು ಇವು. ಬೆಳ್ಳಿಬಣ್ಣದ್ದು ಇಂಚಿನ 3/32 ಅಳತೆಯ ತೂತಿಗೆ, ತಾಮ್ರಬಣ್ಣದ್ದು 1/8ಕ್ಕೆ. ರೆಕ್ಕೆಯ ಒಂದು ಸಾಲಿನ ರಿವೆಟ್ ಶುರು ಮಾಡಿದರೆ ಆ ಸಾಲು ಮುಗಿಸಿಯೇ ಏಳುತ್ತೇನೆ. ಅಷ್ಟು ಹೊತ್ತು ಇಲ್ಲವೆಂದರೆ ಶುರುವೇ ಮಾಡುವುದಿಲ್ಲ. ಬರಿ ಕ್ಲೀಕೊ ಇರುವ ಸಾಲು ಎಷ್ಟು ಕಾಲ ಬೇಕಾದರೂ ಕಾಯುತ್ತದೆ.

ರಿವೆಟ್ ಹೊಡೆಯುವ ಸುಖ ಹೇಳದೆ ಮುಂದೆ ಹೋಗಲಾರೆ. ಇಬ್ಬರು ಬೇಕು. ಹೊರಗಿನಿಂದ ನಾನು ಗನ್ ಒತ್ತಿ ಹಿಡಿಯುತ್ತೇನೆ. ಒಳಗಡೆ ಹೆಂಡತಿ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿಯನ್ನು ರಿವೆಟ್ಟಿನ ಬಾಲಕ್ಕೆ ಸಮವಾಗಿ ಆನಿಸಿ "ಹ್ಞೂಂ" ಅನ್ನುತ್ತಾಳೆ. ಟರ್ರ್ ಎಂದು ಒಂದೆರಡು ಕ್ಷಣ, ಅಷ್ಟೇ. ಒಳಬದಿಯಲ್ಲಿ ಬಾಲ ಚಪ್ಪಟೆಯಾಗಿ ಗುಂಡಿಯಾಗುತ್ತದೆ. ಆ ಗುಂಡಿಯ ಅಗಲ ರಿವೆಟ್ಟಿನ ದಪ್ಪದ ಒಂದೂವರೆಯಷ್ಟು, ಎತ್ತರ ಅರ್ಧದಷ್ಟು ಇರಬೇಕು. ಗೇಜ್ ಇಟ್ಟು ನೋಡಿ ಅವಳು "ಸರಿಯಾಗಿದೆ" ಎಂದರೆ ಮುಂದಿನದಕ್ಕೆ ಹೋಗುತ್ತೇವೆ. ಹೊರಗಡೆ ತಗಡಿನ ಮೇಲೆ ಬೆರಳಾಡಿಸಿದರೆ ತಲೆಯೇ ತಗಲಬಾರದು, ಅಷ್ಟು ನಯ. ಈಚೆಗೆ ಮಗಳ ಕೈ ಸಣ್ಣದೆಂದು, ಇಕ್ಕಟ್ಟಿನ ಜಾಗದಲ್ಲಿ ಬಾರ್ ಹಿಡಿಯುವ ಕೆಲಸ ಅವಳ ಪಾಲಿಗೆ ಬಂದಿದೆ. "ಅಪ್ಪಾ, ಒಂಚೂರು ತಡಿ" ಎಂದು ಕಾಯಿಸುತ್ತಾಳೆ. ನಾನು ಅಂದುಕೊಂಡ ಹೊತ್ತಿಗೆ ವಿಮಾನ ಮುಗಿದಿದ್ದರೆ ಈ ಸಂಜೆಗಳು ನಮಗಿರುತ್ತಿರಲಿಲ್ಲ.

ಎಲ್ಲ ಕೆಲಸವೂ ಇಷ್ಟು ತಾಳ್ಮೆಯದಲ್ಲ. ರೆಕ್ಕೆಯೊಳಗಿನ ಪೆಟ್ರೋಲ್ ಟ್ಯಾಂಕಿಗೆ ಬಳಿಯುವ ಪ್ರೋಸೀಲ್ ಎಂಬ ಕಪ್ಪು, ಗಬ್ಬುನಾತದ ಅಂಟನ್ನು ಒಮ್ಮೆ ಕಲಸಿದರೆ ಸುಮಾರು ಎರಡು ಗಂಟೆಯಲ್ಲಿ ಬಳಸಿ ಮುಗಿಸಬೇಕು. ಅದಕ್ಕೆ ಮನೆಯವರಿಗೆಲ್ಲ ಮೊದಲೇ ಹೇಳಿ, ಫೋನು ಒಳಗಿಟ್ಟು ಬರುತ್ತೇನೆ. ಅರ್ಧ ಗಂಟೆ ಮಾತ್ರ ಸಿಕ್ಕ ದಿನ ತಗಡಿನ ಅಂಚುಗಳನ್ನು ಉಜ್ಜಿ ನುಣುಪು ಮಾಡುತ್ತೇನೆ. ಅದನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಈ ಊರಿನಲ್ಲಿದ್ದುಕೊಂಡು ರೈಟ್ ಸಹೋದರರನ್ನು ನೆನೆಯದೆ ಇರುವುದಕ್ಕಾಗುತ್ತದೆಯೇ? ಅವರ 1905ರ ವಿಮಾನ ಇಲ್ಲಿನ ಕ್ಯಾರಿಲನ್ ಪಾರ್ಕಿನಲ್ಲಿದೆ. ಮಗಳನ್ನು ಕರೆದುಕೊಂಡು ಹೋಗಿ ನೋಡುತ್ತಿರುತ್ತೇನೆ. ಅವರೇನು ಬಿಡುವಾಗಿದ್ದವರಲ್ಲ. ಹೊಟ್ಟೆಪಾಡಿಗೆ ಸೈಕಲ್ ಅಂಗಡಿಯಿತ್ತು. 1896ರಲ್ಲಿ, ಜರ್ಮನಿಯ ಲಿಲಿಯೆಂಥಾಲ್ ಗ್ಲೈಡರಿನಿಂದ ಬಿದ್ದು ತೀರಿಕೊಂಡ ವರ್ಷ, ಆರ್‌ವಿಲ್ ಟೈಫಾಯಿಡ್‌ನಿಂದ ಮಲಗಿದ್ದ. 1902ರಲ್ಲಿ ಬಿಷಪ್ ಆಗಿದ್ದ ಅಪ್ಪನಿಗೆ ಚರ್ಚಿನ ಹಣದ ವಿಚಾರದಲ್ಲಿ ದೊಡ್ಡ ಜಗಳ ಗಂಟುಬಿತ್ತು. ವಿಲ್ಬರ್ ಹಾರಾಟ ಬದಿಗಿಟ್ಟು ಲೆಕ್ಕದ ಪುಸ್ತಕಗಳನ್ನು ತಿರುವಿಹಾಕಿ ಅಪ್ಪನ ಪರ ನಿಂತ. ಅದೇ ವರ್ಷದ ಶರತ್ಕಾಲದಲ್ಲೇ ಅವರ ಗ್ಲೈಡರ್ ಮೂರೂ ದಿಕ್ಕಿನಲ್ಲಿ ಹತೋಟಿಗೆ ಬಂತು. 1903ರ ನವೆಂಬರಿನಲ್ಲಿ ಪ್ರೊಪೆಲರಿನ ಶಾಫ್ಟ್ ಬಿರುಕು ಬಿಟ್ಟಾಗ, ಆರ್‌ವಿಲ್ ಕಿಟಿಹಾಕ್‌ನಿಂದ ಡೇಟನ್‌ಗೆ ಬಂದು, ಗಟ್ಟಿ ಉಕ್ಕಿನ ಹೊಸ ಶಾಫ್ಟ್ ಮಾಡಿಕೊಂಡು ಹೋದ. ಅವನು ತಿರುಗಿ ಕಿಟಿಹಾಕ್ ಮುಟ್ಟಿದ್ದು ಡಿಸೆಂಬರ್ 11ಕ್ಕೆ. ವಿಮಾನ ಹಾರಿದ್ದು 17ಕ್ಕೆ. ಅಪ್ಪನಿಗಾಗಿ ಕಳೆದ ಆ ದಿನಗಳನ್ನು ವಿಮಾನದ ಚರಿತ್ರೆಯಿಂದ ಬೇರೆ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ದೇಶದಲ್ಲಿ ಮುಂಬಯಿಯ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. ಅವರನ್ನು ತಡೆದು ನಿಲ್ಲಿಸಿದ್ದು ಕಾಗದಪತ್ರ. ನೋಂದಣಿ ಸಿಕ್ಕಿದ್ದು 2017ರಲ್ಲಿ. ವರ್ಷಗಟ್ಟಲೆ ಪಟ್ಟು ಬಿಡದೆ ಕಾದ ಅವರ ಮೇಲೆ ನನಗೆ ಅಪಾರ ಗೌರವ.

ಕಿಟ್ ಕೊಳ್ಳಬೇಕೆಂದು ನನ್ನನ್ನು ಕೇಳಿಕೊಂಡು ಬರುವ ಕನ್ನಡದ ಹುಡುಗರಿಗೆ ನಾನು ಹೇಳುವುದು ಎರಡು ಮಾತು. ಎಂಜಿನ್ ಮೊದಲೇ ತಂದಿಟ್ಟುಕೊಳ್ಳಬೇಡಿ. ಲೈಕಮಿಂಗ್ ಎಂಜಿನ್ನಿನ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿರುತ್ತದೆ. ಓಡಿಸದೆ ಬಿಟ್ಟರೆ ಎಣ್ಣೆ ಕೆಳಗಿಳಿದು ಅದಕ್ಕೆ ತುಕ್ಕು ಹಿಡಿಯುತ್ತದೆ. ಎಲೆಕ್ಟ್ರಾನಿಕ್ಸ್ ಕೊನೆಗೆ ಕೊಳ್ಳಿ, ಅದು ಪೆಟ್ಟಿಗೆಯಲ್ಲೇ ಹಳತಾಗುತ್ತದೆ. ಇನ್ನೊಂದು, ನೋಟ್‌ಬುಕ್ಕಿನಲ್ಲಿ ಇವತ್ತು ಮಾಡಿದ್ದರ ಜೊತೆಗೆ, ಬಂದ ತಕ್ಷಣ ಕೈ ಮಾಡಬೇಕಾದ ಮೊದಲ ಕೆಲಸವನ್ನೂ ಬರೆದು ಏಳಿ. ನನ್ನದರಲ್ಲಿ ಈಗಿರುವ ಕೊನೆಯ ಸಾಲು: "ಎಡ ಟ್ಯಾಂಕ್, ಮೂರನೇ ರಿಬ್, ಅಸಿಟೋನ್‌ನಿಂದ ಒರೆಸು."

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಕಿಟ್ ತಂದು, ಮದುವೆ, ಮಕ್ಕಳು, ಕಾಯಿಲೆ ಎಂದು ನಿಲ್ಲಿಸಿದ್ದರೆ ಒಂದು ವಿನಂತಿ. ತಗಡುಗಳ ಮೇಲೆ ಗೀರು ಬೀಳದಿರಲೆಂದು ಅಂಟಿಸಿದ ನೀಲಿ ಪ್ಲಾಸ್ಟಿಕ್ ಪೊರೆಯಿರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅಡಿಯಲ್ಲಿ ಲೋಹವೂ ಕೆಡಬಹುದು. ಈ ಭಾನುವಾರ ಪೆಟ್ಟಿಗೆ ತೆಗೆದು ಆ ಪೊರೆ ಸುಲಿದಿಡಿ. ಆಮೇಲಿನ ಕೆಲಸಕ್ಕೆ ಅವಸರವಿಲ್ಲ.