ಕ್ಯಾರಲ್ಟನ್‌ನ ವಸಂತ: ಧೂಳು, ಆಲಿಕಲ್ಲು, ಸೈರನ್

ಊರಲ್ಲಿ ಯುಗಾದಿ ಹೊತ್ತಿಗೆ ಆಲಿಕಲ್ಲು ಬಿದ್ದರೆ ಮಕ್ಕಳು ಆಯ್ದುಕೊಳ್ಳೋಕೆ ಅಂಗಳಕ್ಕೆ ಓಡುತ್ತಾರೆ. ಇಲ್ಲಿ ಕ್ಯಾರಲ್ಟನ್‌ನಲ್ಲಿ ನಾವು ಕಾರಿಗೆ ಸೂರು ಹುಡುಕಿಕೊಂಡು ಓಡ್ತೀವಿ. ಪಶ್ಚಿಮದ ಮರುಭೂಮಿ ಕಡೆಯ ಒಣಗಾಳಿಯೂ ಗಲ್ಫ್ ಕಡೆಯ ತೇವದ ಗಾಳಿಯೂ ಟೆಕ್ಸಾಸ್‌ನಲ್ಲಿ ಎದುರಾಗುವ ಗೆರೆಗೆ ‘ಡ್ರೈಲೈನ್’ ಅಂತಾರೆ. ಮಾರ್ಚ್‌ನಿಂದ ಮೇವರೆಗೆ ಅದರ ಆಚೆ ಧೂಳು. ಈಚೆ ಗುಡುಗು, ಆಲಿಕಲ್ಲು, ಸುಂಟರಗಾಳಿ.

ಮೂರು ತಿಂಗಳ ಹವಾಮಾನ ಮುನ್ನೋಟ ಬಿಸಿಲು ಜಾಸ್ತಿಯೋ, ಮಳೆ ಕಮ್ಮಿಯೋ ಅಂತ ಹೇಳುತ್ತದೆ. ಯಾವ ರಾತ್ರಿ ಗಾಳಿ ಎದ್ದೀತು ಅಂತ ಹೇಳಲ್ಲ. 2019ರ ಅಕ್ಟೋಬರ್ 20ರಂದು ಉತ್ತರ ಡಲ್ಲಾಸ್‌ಗೆ ಸುಂಟರಗಾಳಿ ನುಗ್ಗಿದ್ದು ರಾತ್ರಿ ಹೊತ್ತಲ್ಲೇ, ಅದೂ ವಸಂತ ಅಲ್ಲದ ಕಾಲದಲ್ಲಿ.

‘ವಾಚ್’ ಅಂದರೆ ಬರಬಹುದು. ‘ವಾರ್ನಿಂಗ್’ ಅಂದರೆ ತಕ್ಷಣ ಒಳಗೆ ಸೇರಬೇಕು. ಸೈರನ್ ಇರೋದು ಹೊರಗಿದ್ದವರಿಗಾಗಿ. ಒಳಗೆ ಮಲಗಿದವರಿಗೆ ಕೇಳಿಸದೆಯೂ ಹೋಗಬಹುದು. ಈಗ ಇಲ್ಲಿ ನಡುರಾತ್ರಿ ಅಂದರೆ ಊರಲ್ಲಿ ಬೆಳಿಗ್ಗೆ ಹತ್ತೂವರೆ. ವಾಟ್ಸಾಪ್ ಸದ್ದಿಗೆ ಬೇಸತ್ತು ನಮ್ಮಲ್ಲಿ ಎಷ್ಟೋ ಜನ ಫೋನ್ ಸೈಲೆಂಟ್ ಮಾಡಿ ಮಲಗ್ತೀವಿ. ತುರ್ತು ಎಚ್ಚರಿಕೆಯ ಸದ್ದು ಮಾತ್ರ ಆರಿಸೋದು ಬೇಡ. ಕೆಳಮಹಡಿಯಲ್ಲಿ ಕಿಟಕಿ ಇಲ್ಲದ ಜಾಗ ಯಾವುದು ಅಂತ ಇವತ್ತೇ ನೋಡಿಟ್ಟುಕೊಳ್ಳೋಣ. ಮೇಲಿನ ಮಹಡಿಯಲ್ಲಿರೋರು ಕೆಳಗಿನ ಮನೆಯವರ ಪರಿಚಯ ಈಗಲೇ ಮಾಡಿಕೊಂಡಿದ್ದರೆ, ಆ ಹೊತ್ತಲ್ಲಿ ಬಾಗಿಲು ತಟ್ಟೋಕೆ ಸಂಕೋಚ ಇರಲ್ಲ.